ಇಂದಿನ ಧಮ್ಮ ಚಿಂತನೆ: ಕಂಡದ್ದು ಕೃತ್ಯವೋ, ಹಣೆಪಟ್ಟಿಯೋ?



ನಾನು ಪಾಠ ಮಾಡುವ ಬನಶಂಕರಿಯ ಶಾಲೆಯಲ್ಲಿ ಒಂಬತ್ತನೇ ತರಗತಿ ಹುಡುಗರು ‘ವಾಚ್ ಡಾಗ್ಸ್’ ಎಂಬ ವಿಡಿಯೊ ಗೇಮ್ ಬಗ್ಗೆ ಮಾತಾಡುತ್ತಿರುತ್ತಾರೆ. 2014ರಲ್ಲಿ ಬಂದ ಆಟ. ಷಿಕಾಗೊ ನಗರದ ತುಂಬ ಕ್ಯಾಮೆರಾ. ದಾರಿಹೋಕರತ್ತ ಮೊಬೈಲ್ ಹಿಡಿದರೆ ಅವರ ಹೆಸರು, ಕೆಲಸ, ಸಂಬಳ ಎಲ್ಲ ತೆರೆಯ ಮೇಲೆ ಮೂಡುತ್ತದೆ. ಯಾರು ಅಪರಾಧ ಮಾಡಬಹುದು ಎಂದೂ ಯಂತ್ರ ಮೊದಲೇ ಹೇಳುತ್ತದೆ.

ಅಲ್ಲೊಂದು ನಿಯಮವಿದೆ. ಹಾಗೆ ಗುರುತಿಸಿದ ಮನುಷ್ಯ ನಮ್ಮನ್ನು ನೋಡಿ, ಏನೂ ಮಾಡದೆ ಹೊರಟುಹೋದರೆ ನಮಗೆ ಅಂಕವಿಲ್ಲ. ಅವನು ಕೈ ಎತ್ತುವವರೆಗೆ ಮರೆಯಲ್ಲಿ ಕಾದು ಹಿಡಿದರೆ ಒಳ್ಳೆಯ ಹೆಸರು. ಕೊಲ್ಲದೆ ಕೆಡವಿದರೆ ಇನ್ನೂ ಒಳ್ಳೆಯ ಹೆಸರು, ಅದು ಸರಿಯೇ. ಆದರೆ ಒಂದು ಏಟು ತಪ್ಪಿತು, ಒಬ್ಬ ಮನುಷ್ಯ ಕೆಡದೆ ಉಳಿದ ಎಂಬುದಕ್ಕೆ ಬೆಲೆಯೇ ಇಲ್ಲ. ಹಣೆಪಟ್ಟಿ ನಿಜವಾಗಲಿ ಎಂದು ಕಾಯುವುದೇ ಆಟಗಾರನ ಕೆಲಸ.

ನಮ್ಮ ನಾಡಿಗೆ ಈ ಹಣೆಪಟ್ಟಿ ಹೊಸದಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಬರೆದಿಟ್ಟಿತು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಕ್ಕೆ ಸೆಟ್ಲ್‌ಮೆಂಟ್ ಎಂಬ ಹೆಸರು ಇಂದಿಗೂ ಇದೆ. ಕಾಯ್ದೆ ರದ್ದಾಗಲು 1952 ಬರಬೇಕಾಯಿತು.

ನಮ್ಮ ಬೆಂಗಳೂರಿನ ಸೇಫ್ ಸಿಟಿ ಕಮಾಂಡ್ ಸೆಂಟರ್ 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ನಿರ್ಭಯಾ ನಿಧಿಯ ಯೋಜನೆ. 7,000ಕ್ಕೂ ಹೆಚ್ಚು ಕ್ಯಾಮೆರಾ. ರಾತ್ರಿ ಪಾಳಿ ಮುಗಿಸಿ ಬಿಟಿಎಂ ಲೇಔಟ್‌ನಲ್ಲಿ ಬಸ್ಸಿಳಿಯುವ ಹೆಣ್ಣುಮಗಳಿಗೆ ಇಂಥ ರಕ್ಷಣೆ ಬೇಕು. ಪೊಲೀಸರ ಬಲವನ್ನು ಧಮ್ಮ ಬೇಡವೆನ್ನುವುದಿಲ್ಲ. ಅಹಿಂಸೆಯೆಂದರೆ ಅಪರಾಧಿಯನ್ನು ದಂಡಿಸಲೇಬಾರದೇ ಎಂದು ಸಿಂಹ ಸೇನಾಪತಿ ಕೇಳಿದಾಗ, ತಪ್ಪಿತಸ್ಥನಿಗೆ ದಂಡನೆ, ನಿರಪರಾಧಿಗೆ ರಕ್ಷಣೆ ಎಂಬ ಉತ್ತರ ಭಗವಾನರಿಂದ ಬಂದದ್ದನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಹೇಳಿದ್ದಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದೂ ಅವರು ವಿವರಿಸಿದ್ದಾರೆ. ಕೃತ್ಯವನ್ನು ನೋಡಿ ಬಳಸುವ ಬಲ ಅಗತ್ಯದ್ದು. ಹಣೆಪಟ್ಟಿ ನೋಡಿ ಬಳಸುವ ಬಲದಲ್ಲಿ ಇಚ್ಛೆ ಅಡಗಿರುತ್ತದೆ.

ಅಂಗುಲಿಮಾಲನನ್ನು ನೆನೆಯಿರಿ. ಅವನನ್ನು ಹಿಡಿಯಲು ಪಸೇನದಿ ರಾಜ ಐನೂರು ಕುದುರೆ ಸವಾರರೊಂದಿಗೆ ಹೊರಟಿದ್ದ. ಬುದ್ಧರು ಅದಕ್ಕೂ ಮೊದಲೇ, ಎಲ್ಲರೂ ಬೇಡವೆಂದರೂ, ಅವನ ಕಣ್ಣಿಗೆ ಬೀಳುವಂತೆ ಆ ದಾರಿಯಲ್ಲಿ ಒಬ್ಬರೇ ನಡೆದರು. ಮುಂದಿನ ಕೊಲೆ ನಡೆಯಲಿಲ್ಲ. ಆಟದ ಲೆಕ್ಕದಲ್ಲಿ ಇದಕ್ಕೆ ಸೊನ್ನೆ.

ಈ ಆಟವನ್ನು ನಾವೂ ದಿನಾ ಆಡುತ್ತೇವೆ. ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮನೆಗೆಲಸದ ಅಕ್ಕನ ಚೀಲ ತಡಕುವವರು ಮಾಲೀಕರ ಕಾರಿನ ಡಿಕ್ಕಿ ತೆರೆಸುವುದಿಲ್ಲ. ತರಗತಿಯಲ್ಲಿ ಪೆನ್ನು ಕಳೆದರೆ ಎಲ್ಲರ ಕಣ್ಣು ಒಂದೇ ಬೆಂಚಿನ ಕಡೆ ಹೊರಳುತ್ತದೆ.

*ಇಂದಿನ ಅಭ್ಯಾಸ:* ಯಾರ ಮೇಲಾದರೂ ಅನುಮಾನ ಹುಟ್ಟಿದ ಕ್ಷಣ ಒಂದು ಉಸಿರು ನಿಂತು ಕೇಳಿಕೊಳ್ಳೋಣ: ನಾನು ಕಂಡದ್ದು ಅವರ ಕೃತ್ಯವನ್ನೋ, ಹಣೆಪಟ್ಟಿಯನ್ನೋ? ಮನೆಯಲ್ಲಿ ಮಕ್ಕಳು ಇಂಥ ಆಟ ಆಡುತ್ತಿದ್ದರೆ ಮೊಬೈಲ್ ಕಸಿಯಬೇಡಿ, ಪಕ್ಕದಲ್ಲಿ ಕೂತು ಇದೇ ಪ್ರಶ್ನೆ ಕೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙