ಗಾಜಿನ ಮನೆಯ ಕಾಡು

ಲಂಡನ್ ಮಹಾನಗರದ ನೈಋತ್ಯ ಭಾಗದಲ್ಲಿ, ಥೇಮ್ಸ್ ನದಿಯ ದಡದ ಕ್ಯೂ ಎಂಬಲ್ಲಿ, ಜಗದ್ವಿಖ್ಯಾತವಾದ ಸಸ್ಯೋದ್ಯಾನವೊಂದಿದೆ. ಅಲ್ಲಿ ಕಬ್ಬಿಣ ಮತ್ತು ಗಾಜುಗಳಿಂದ ಕಟ್ಟಿದ ಒಂದು ಮಹಾಗೃಹವುಂಟು. ತಾಳೆಯ ಜಾತಿಯ ಮರಗಳಿಗಾಗಿ ಕಟ್ಟಿದುದರಿಂದ ಅದಕ್ಕೆ ಪಾಮ್ ಹೌಸ್ ಎಂದು ಹೆಸರು. 1844ರಲ್ಲಿ ಆರಂಭವಾಗಿ 1848ರಲ್ಲಿ ಮುಗಿದ ಈ ಕಟ್ಟಡದ ಉದ್ದ ಸುಮಾರು 110 ಮೀಟರು. ನಡುಭಾಗದ ಎತ್ತರ ಸುಮಾರು 20 ಮೀಟರು. ಇದನ್ನು ರೂಪಿಸಿದವರು ಡೆಸಿಮಸ್ ಬರ್ಟನ್ ಮತ್ತು ರಿಚರ್ಡ್ ಟರ್ನರ್ ಎಂಬವರು. ಚಾವಣಿಯ ಕಮಾನುಗಳಿಗೆ ಹಡಗು ಕಟ್ಟುವವರು ಬಳಸುವ ಬಗೆಯ ಕಬ್ಬಿಣದ ತೊಲೆಗಳನ್ನೇ ಬಳಸಿದುದರಿಂದ, ದೂರದಿಂದ ನೋಡುವವರಿಗೆ ಅದು ಮಗುಚಿ ಹಾಕಿದ ದೊಡ್ಡ ಹಡಗಿನ ಒಡಲಿನಂತೆ ತೋರುತ್ತದೆ. ಹೊರಗೆ ಮಾಘಮಾಸದ ಹಿಮ ಬೀಳುತ್ತಿರುವಾಗಲೂ ಒಳಗೆ ನಮ್ಮ ವೈಶಾಖದ ಸೆಕೆ. ಒಳಗೆ ಕಾಲಿಟ್ಟವನ ಕನ್ನಡಕದ ಮೇಲೆ ಮೊದಲು ಮಂಜು ಕವಿಯುತ್ತದೆ; ಅದು ತಿಳಿಯಾದ ಮೇಲೆಯೇ ಕಾಡು ಕಾಣುವುದು.

ಈ ಸೆಕೆಯನ್ನು ಅವರು ಉಂಟುಮಾಡಿದ ಕ್ರಮವನ್ನು ತಿಳಿದಾಗ ನನಗೆ ಬಹಳ ವಿಸ್ಮಯವಾಯಿತು. ಆದಿಯಲ್ಲಿ ನೆಲದಡಿಯಲ್ಲಿ ಬಾಯ್ಲರುಗಳನ್ನಿಟ್ಟು, ನೀರನ್ನು ಕಾಯಿಸಿ, ಕೊಳವೆಗಳಲ್ಲಿ ಹರಿಯಿಸಿದರು. ಅದಕ್ಕೆ ಬೇಕಾದ ಕಲ್ಲಿದ್ದಲು ಸುರಂಗದ ಮೂಲಕ ಬರಬೇಕು. ಹೊಗೆಯು ನೆಲದೊಳಗಿನ ದಾರಿಯಿಂದಲೇ ಹೋಗಿ, ದೂರದಲ್ಲಿ ಚೆಲುವಾಗಿ ಕಟ್ಟಿದ ಗೋಪುರವೊಂದರ ತುದಿಯಿಂದ ಹೊರಬೀಳಬೇಕು. ನೋಡಬಂದವನ ಕಣ್ಣಿಗೆ ಬೀಳಬೇಕಾದುದು ಕಾಡು, ಬೀಳಬಾರದುದು ಬೆಂಕಿ. ಆದರೆ ಬೆಂಕಿ ನಂದಿದರೆ ಕಾಡಿಲ್ಲ. ಚಳಿಗಾಲದ ಒಂದು ರಾತ್ರಿ ಒಬ್ಬ ಕೂಲಿಯಾಳು ಕಲ್ಲಿದ್ದಲು ಹಾಕಲು ಮರೆತು ನಿದ್ರಿಸಿದರೆ, ಆಫ್ರಿಕದಿಂದಲೂ ಅಮೆರಿಕದಿಂದಲೂ ಏಷ್ಯದಿಂದಲೂ ಬಂದು ಸೇರಿದ ಅಷ್ಟೂ ಜೀವಗಳು ಬೆಳಗಾಗುವುದರೊಳಗೆ ಕರಗಿಹೋದಾವು.

ನಾನು ಆ ಮನೆಯನ್ನು ಕಂಡವನಲ್ಲ. ಕಂಡುಬಂದವರು ನನ್ನ ಸೋದರಮಾವನವರು. ಮಗನ ಮನೆಗೆಂದು ಲಂಡನ್ನಿಗೆ ಹೋಗಿದ್ದವರು. ತಮ್ಮ ಎಪ್ಪತ್ತು ವರ್ಷಗಳ ಆಯುಷ್ಯವನ್ನು ಅಡಕೆ ತೋಟದ ನೆರಳಿನಲ್ಲಿಯೇ ಕಳೆದ ಅವರನ್ನು ಮಗನು ಟಿಕೇಟು ಕೊಂಡು ಒಳಕ್ಕೆ ಕರೆದೊಯ್ದನಂತೆ. ಒಳಗೆ ನೋಡುವುದೇನು? ಬಾಳೆ, ತೆಂಗು, ಕರಿಮೆಣಸಿನ ಬಳ್ಳಿ, ಕೊಕ್ಕೋ. ಒಂದೊಂದರ ಬುಡದಲ್ಲಿಯೂ ಲ್ಯಾಟಿನ್ ಹೆಸರಿನ ಫಲಕ. "ಏಳು ಸಮುದ್ರ ದಾಟಿ ಹೋಗಿ, ದುಡ್ಡು ಕೊಟ್ಟು, ನಮ್ಮ ಹಿತ್ತಿಲನ್ನೇ ನೋಡಿಬಂದೆ ಮಾರಾಯ" ಎಂದು ಅವರು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ, "ಆದರೆ ಅಲ್ಲಿ ಒಂದು ಕಪ್ಪೆ ಕೂಗುವುದಿಲ್ಲ. ಬಾಳೆಯ ಹೂವಿಗೆ ಬಾವಲಿ ಬರುವುದಿಲ್ಲ" ಎಂದರು.

ಈ ಎರಡನೆಯ ಮಾತು ನನ್ನನ್ನು ಬಹುದಿನ ಕಾಡಿತು. ಒಂದು ಜೀವವನ್ನು ಅದರ ನೆಲದಿಂದ, ನೆಂಟರಿಂದ, ಮಳೆಯಿಂದ ಬಿಡಿಸಿ ತಂದು, ಪರರ ಬೆಂಕಿಯಿಂದ ಬದುಕಿಸುವುದು ರಕ್ಷಣೆಯೋ ಬಂಧನವೋ? ಜೀವವನ್ನು ಉಳಿಸಿದೆವೆಂದು ಹೇಳುವಾಗ ನಾವು ಉಳಿಸಿದುದಾದರೂ ಏನನ್ನು?

ಇಂಥ ಮನೆಗಳ ಮೇಲೆ ಹೊರಿಸುವ ಮೊದಲನೆಯ ಆರೋಪ ಕಳವಿನದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತನು ಬ್ರೆಜಿಲಿನ ಕಾಡುಗಳಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ತಂದು ಕ್ಯೂ ತೋಟಕ್ಕೆ ಒಪ್ಪಿಸಿದನು. ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಆ ಎಳೆಯ ಗಿಡಗಳು ಗಾಜಿನ ಪೆಟ್ಟಿಗೆಗಳಲ್ಲಿ ಕುಳಿತು ಸಿಂಹಳಕ್ಕೆ ಹೊರಟವು. ಮುಂದೆ ಮಲಯವೇ ಮೊದಲಾದ ದೇಶಗಳಲ್ಲಿ ಎದ್ದ ರಬ್ಬರ್ ತೋಟಗಳ ಎದುರಿಗೆ ಬ್ರೆಜಿಲಿನ ರಬ್ಬರ್ ವ್ಯಾಪಾರವು ನೆಲಕಚ್ಚಿತು. ಸಿಂಕೋನದ ಕಥೆಯೂ ಇದೇ ಬಗೆಯದು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಆ ಮರವು 1860ರ ದಶಕದಲ್ಲಿ ನಮ್ಮ ನೀಲಗಿರಿಯ ಇಳಿಜಾರುಗಳಲ್ಲಿ ಬೇರೂರಿತು. ಅದನ್ನು ಬೆಳೆಸಿದ ಮ್ಯಾಕೈವರ್ ಎಂಬಾತನೇ ಉದಕಮಂಡಲದ ಸಸ್ಯೋದ್ಯಾನವನ್ನೂ ಕಟ್ಟಿದವನು. ಕ್ಯೂ ತೋಟದಲ್ಲಿ ಪಳಗಿ ಬಂದವನು. ಹೀಗೆ ನೋಡಿದರೆ ಗಾಜಿನ ಮನೆಯು ಸಾಮ್ರಾಜ್ಯದ ವ್ಯಾಪಾರಕ್ಕೆ ತಂಗುದಾಣವಾಗಿತ್ತು.

ಆದರೆ ಈ ಆರೋಪವನ್ನು ಹೊರಿಸುವಾಗ ನಾವು ಎಲ್ಲಿ ನಿಂತಿದ್ದೇವೆಂಬುದನ್ನೂ ನೋಡಬೇಕು. ಕಾಸರಗೋಡಿನ ಮೂಡಣ ಗುಡ್ಡಗಳನ್ನು ಇಂದು ಹೊದೆದಿರುವ ರಬ್ಬರು ಎಲ್ಲಿಯದು? ಬೇಸಗೆಯಲ್ಲಿ ನಮ್ಮ ಮಕ್ಕಳು ಕಲ್ಲೆಸೆದು ಉದುರಿಸುವ ಗೇರುಹಣ್ಣನ್ನು ಬ್ರೆಜಿಲಿನಿಂದ ತಂದವರು ಪೋರ್ಚುಗೀಸರಲ್ಲವೇ? ಸಿಂಕೋನದ ತೊಗಟೆಯ ಕ್ವಿನೈನು ಸೈನಿಕರನ್ನು ಮಾತ್ರವಲ್ಲ, ಮಲೆಯ ತಪ್ಪಲಿನಲ್ಲಿ ಚಳಿಜ್ವರದಿಂದ ನಡುಗುತ್ತಿದ್ದ ನಮ್ಮ ಅಜ್ಜಂದಿರನ್ನೂ ಉಳಿಸಿತು. ಕಳವಿನ ಫಲವನ್ನು ಉಂಡವರಿಗೆ ಕಳವನ್ನು ಖಂಡಿಸುವ ಅಧಿಕಾರವಿಲ್ಲವೆಂದು ನನ್ನ ವಾದವಲ್ಲ. ಖಂಡಿಸಬೇಕಾದುದು ಗಿಡವು ನಡೆದುಬಂದುದನ್ನಲ್ಲ, ಅದು ಹುಟ್ಟಿದ ನೆಲದವರನ್ನು ಕೇಳದೆ ಒಯ್ದುದನ್ನು ಎಂಬಷ್ಟೇ ನನ್ನ ಮಾತು.

ಎರಡನೆಯ ಆರೋಪ, ಬಂಧನದ್ದು, ಇದಕ್ಕಿಂತ ಗಹನವಾದುದು. ಗೂಟಕ್ಕೆ ಕಟ್ಟಿದ ಹಸುವಿನ ಕಷ್ಟ ನಮಗೆ ಸುಲಭವಾಗಿ ತಿಳಿಯುತ್ತದೆ, ಅದಕ್ಕೆ ಕಾಲುಗಳಿವೆ. ಪಂಜರದ ಗಿಳಿಯದು ಇನ್ನೂ ಬೇಗ ತಿಳಿಯುತ್ತದೆ. ಆದರೆ ಹುಟ್ಟಿದಲ್ಲಿಂದ ಒಂದು ಅಂಗುಲವೂ ಕದಲದ ಮರವನ್ನು ಬಂಧಿಸುವುದೆಂದರೇನು? ಕಾಡಿನಲ್ಲಿಯೂ ಅದು ನಿಂತಲ್ಲಿಯೇ ನಿಂತಿರುತ್ತಿತ್ತು, ಇಲ್ಲಿಯೂ ನಿಂತಿದೆ. ಅಲ್ಲಿ ಅದನ್ನು ಹುಳು ತಿನ್ನುತ್ತಿತ್ತು, ಸಿಡಿಲು ಹೊಡೆಯುತ್ತಿತ್ತು. ಇಲ್ಲಿ ಆ ಭಯವಿಲ್ಲ. 1775ರಲ್ಲಿ ಫ್ರಾನ್ಸಿಸ್ ಮ್ಯಾಸನ್ ಎಂಬಾತನು ದಕ್ಷಿಣ ಆಫ್ರಿಕದಿಂದ ಕ್ಯೂ ತೋಟಕ್ಕೆ ತಂದ ಸೈಕಾಡ್ ಮರವೊಂದು ಕುಂಡದಲ್ಲಿಯೇ ಇನ್ನೂರೈವತ್ತು ವರ್ಷ ಬದುಕಿದೆ. ಜಗತ್ತಿನ ಕುಂಡದ ಗಿಡಗಳಲ್ಲೆಲ್ಲ ಅದೇ ಹಿರಿಯದೆಂದು ಹೇಳುತ್ತಾರೆ. ಅದನ್ನು ತಂದ ವರ್ಷ ಮೈಸೂರಿನಲ್ಲಿ ಹೈದರನು ಆಳುತ್ತಿದ್ದನು. ಇಷ್ಟು ದೀರ್ಘಾಯುವನ್ನು ಬಂಧಿಯೆಂದು ಕರೆಯುವುದಾದರೂ ಹೇಗೆ?

ಈ ಪ್ರಶ್ನೆಗೆ ನನಗೆ ತೋಚಿದ ಉತ್ತರವಿದು. ಮರಕ್ಕೂ ನಡಿಗೆಯುಂಟು, ಆದರೆ ಅದು ನಡೆಯುವುದು ತನ್ನ ಆಯುಷ್ಯದಲ್ಲಲ್ಲ, ಸಂತತಿಯಲ್ಲಿ. ಬೀಜವೇ ಮರದ ಕಾಲು. ಗಾಳಿ, ಹಕ್ಕಿ, ಹೊಳೆಯ ನೀರು, ಕಬ್ಬೆಕ್ಕಿನ ಹೊಟ್ಟೆ, ಇವು ಅದರ ವಾಹನಗಳು. ಆದುದರಿಂದ ಮರವನ್ನು ಬಂಧಿಸುವುದೆಂದರೆ ಅದನ್ನು ಗಾಜಿನೊಳಗೆ ನಿಲ್ಲಿಸುವುದಲ್ಲ, ಅದರ ಬೀಜಕ್ಕೆ ಬೀಳಲು ನೆಲವಿಲ್ಲದಂತೆ ಮಾಡುವುದು.

ಈ ಅರ್ಥದಲ್ಲಿ ನಿಜವಾದ ಬಂಧಿಯೊಂದು ಕ್ಯೂ ತೋಟದಲ್ಲಿದೆ. ಅದೂ ಸೈಕಾಡ್ ಜಾತಿಯದೇ. ಮಲಯಾಳಿಗಳು ಈಂತ ಎಂದು ಕರೆಯುವ, ಗರಿಗಳನ್ನು ಚಪ್ಪರದ ಸಿಂಗಾರಕ್ಕೆ ಕಡಿದು ತರುವ ಮರದ ದೂರದ ನೆಂಟ. ಶಾಸ್ತ್ರಜ್ಞರು ಇಟ್ಟ ಹೆಸರು ಎನ್ಸೆಫಲಾರ್ಟಸ್ ವುಡಿಯೈ. 1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬವರು ದಕ್ಷಿಣ ಆಫ್ರಿಕದ ಎನ್‌ಗೋಯೆ ಕಾಡಿನಲ್ಲಿ ಇದರ ಒಂದೇ ಒಂದು ಗುಂಪನ್ನು ಕಂಡರು. ಒಂದೇ ಬುಡದ ನಾಲ್ಕಾರು ಕಾಂಡಗಳು. 1899ರಲ್ಲಿ ಅದರ ಒಂದು ಅಂಶ ಕ್ಯೂ ತೋಟಕ್ಕೆ ಬಂದಿತು. ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡವನ್ನೂ 1916ರಲ್ಲಿ ಪ್ರಿಟೋರಿಯಕ್ಕೆ ಒಯ್ದರು. ಅಲ್ಲಿಂದ ಮುಂದೆ ಕಾಡಿನಲ್ಲಿ ಅದು ಇಲ್ಲ. ಸೈಕಾಡುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸಿಕ್ಕಿದುದು ಗಂಡು. ಹೆಣ್ಣು ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಬುಡದಲ್ಲಿ ಏಳುವ ಮರಿಗಳನ್ನು ಬಿಡಿಸಿ ನೆಟ್ಟು ಇಂದು ಹಲವು ದೇಶಗಳ ತೋಟಗಳಲ್ಲಿ ಇದನ್ನು ಬೆಳೆಸಿದ್ದಾರೆ. ಆದರೆ ಅವೆಲ್ಲವೂ ಆ ಒಂದೇ ಗಂಡಿನ ಮೈತುಂಡುಗಳು. ಮರವು ನೂರಾಗಿದೆ, ಎರಡಾಗಿಲ್ಲ. 2004ರಲ್ಲಿ ಕ್ಯೂ ತೋಟದ ಮರವು, ಬಂದು ನೂರೈದು ವರ್ಷಗಳಾದ ಮೇಲೆ, ಮೊದಲ ಬಾರಿಗೆ ತನ್ನ ಗಂಡು ಶಂಕುವನ್ನು ಬಿಟ್ಟಿತು. ಯಾರಿಗಾಗಿ? ಈಚೆಗೆ ಎನ್‌ಗೋಯೆ ಕಾಡಿನ ಮೇಲೆ ಡ್ರೋನ್ ಯಂತ್ರಗಳನ್ನು ಹಾರಿಸಿ ಹೆಣ್ಣನ್ನು ಅರಸಿದ ಸಂಗತಿ 2024ರಲ್ಲಿ ಪ್ರಕಟವಾಯಿತು. ಆ ಹುಡುಕಾಟದಲ್ಲಿಯೂ ಅವಳು ಸಿಗಲಿಲ್ಲ.

ಹಾಗಾದರೆ ಆ ಮರವನ್ನು ಸಾಯಬಿಡುವುದೇ ಧರ್ಮವಾಗಿತ್ತೇ? ಕೆಲವು ಮಿತ್ರರು ಹಾಗೆಂದು ವಾದಿಸಬಹುದು: ಸಂತತಿಯಿಲ್ಲದ ಜೀವಕ್ಕೆ ಇಷ್ಟೇಕೆ ಶುಶ್ರೂಷೆ, ಕಾಡಿನೊಡನೆಯೇ ಅದು ಅಳಿಯಬೇಕಾಗಿತ್ತು, ಉಳಿಸಿದುದು ಮನುಷ್ಯನ ಅಹಂಕಾರ ಎಂದು. ನಾನು ಒಪ್ಪಲಾರೆ. ಮನೆಯಲ್ಲಿ ಮಕ್ಕಳಿಲ್ಲದ ಮುದುಕನಿಗೆ ಗಂಜಿ ಕಾಯಿಸಿ ಕೊಡುವಾಗ ಇವನಿಂದ ವಂಶ ಬೆಳೆಯುವುದೇ ಎಂದು ಯಾರೂ ಕೇಳುವುದಿಲ್ಲ. ಆದರೆ ಆ ಶುಶ್ರೂಷೆಗೆ ರಕ್ಷಣೆಯೆಂಬ ದೊಡ್ಡ ಹೆಸರಿಟ್ಟು, ಫಲಕ ನೆಟ್ಟು, ಎದೆಯುಬ್ಬಿಸಿ ನಿಲ್ಲುವುದು ಮಾತ್ರ ಸಲ್ಲದು. ಗಂಜಿಯನ್ನು ಗಂಜಿಯೆಂದೇ ಕರೆಯಬೇಕು.

ರಕ್ಷಣೆ, ಉಳಿಸುವಿಕೆ ಎಂಬ ಈ ಮಾತುಗಳು ಗಡಿನಾಡಿನವರಾದ ನಮ್ಮ ಬಾಯಲ್ಲಿ ಎಷ್ಟು ಸವೆದಿವೆಯೆಂಬುದನ್ನು ವಾಚಕರು ಬಲ್ಲರು. 1956ರಿಂದೀಚೆಗೆ ನಮ್ಮ ಯಾವ ವಾರ್ಷಿಕೋತ್ಸವವೂ ಕನ್ನಡವನ್ನು ಉಳಿಸಿರೆಂಬ ಕರೆಯಿಲ್ಲದೆ ಮುಗಿದಿಲ್ಲ. ಕೂಡದೆಂದು ಹೇಳುವವನು ನಾನಲ್ಲ. ಆದರೆ ನನ್ನ ತರಗತಿಯಲ್ಲಿ ಕುಳಿತ ಮಕ್ಕಳಲ್ಲಿ ಮನೆಯೊಳಗೆ ತುಳು ಆಡುವವರುಂಟು, ಮಲಯಾಳ ಆಡುವವರುಂಟು, ಕೊಂಕಣಿ, ಮರಾಟಿ, ಬ್ಯಾರಿ ಆಡುವವರುಂಟು. ಅವರಲ್ಲೊಬ್ಬಳು ಬಹುಮಾನಕ್ಕಾಗಿ ವೇದಿಕೆಯ ಮೇಲೆ ನಿಂತು ತಪ್ಪಿಲ್ಲದೆ ಒಪ್ಪಿಸುವ ಹಳೆಯ ಪದ್ಯವು ಕುಂಡದಲ್ಲಿ ಚೆನ್ನಾಗಿ ಚಿಗುರಿದ ಎಲೆ, ಸಂತೋಷವೇ. ಮಧ್ಯಾಹ್ನದ ಬಿಡುವಿನಲ್ಲಿ, ನಾನು ಕೇಳುತ್ತಿರುವೆನೆಂಬ ಅರಿವಿಲ್ಲದೆ, ಲಗೋರಿಯ ಜಗಳದಲ್ಲಿ ಇನ್ನೊಬ್ಬಳನ್ನು ಆಕೆ ಕನ್ನಡದಲ್ಲಿ ಬೈದರೆ, ಅದು ನೆಲಕ್ಕೆ ಬಿದ್ದ ಬೀಜ. ಆ ಬೈಗುಳವನ್ನು ತಿದ್ದಬೇಕಾದ ಹೊಣೆ ನನ್ನದಾದರೂ ಆ ಕ್ಷಣ ನನಗಾಗುವ ಹಿಗ್ಗನ್ನು ಮರೆಮಾಡಲಾರೆ. ಸಂಘಗಳೂ ಪತ್ರಿಕೆಗಳೂ, ಈ ಪತ್ರಿಕೆಯೂ, ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು. ಆ ಕೆಲಸ ಹಗುರವಾದುದಲ್ಲ. ಆದರೆ ಒಳಗಿನ ಸೆಕೆಯನ್ನೇ ಊರಿನ ಹವೆಯೆಂದು ನಂಬಬಾರದು.

ಇನ್ನು ಗಾಜಿನ ಮನೆಯ ಪರವಾಗಿ ಸಾಕ್ಷಿ ಹೇಳಬಲ್ಲ ಒಂದು ಗಿಡದ ವಿಷಯ. ಹಿಂದೂ ಮಹಾಸಾಗರದಲ್ಲಿ ಮಾರಿಷಸಿಗೆ ಸೇರಿದ ರಾಡ್ರಿಗಸ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಕೆಫೆ ಮರಾನ್ ಎಂಬ ಗಿಡವಿತ್ತು. ಕಾಫಿಯ ಕುಟುಂಬದ್ದು, ನಕ್ಷತ್ರದಂಥ ಬಿಳಿಯ ಹೂವು. ಆಡುಗಳು ಮೇದು, ಕಾಡು ಕಡಿದು, ಅದು ಅಳಿಯಿತೆಂದೇ ಎಲ್ಲರೂ ನಂಬಿದ್ದರು. 1980ರ ಸುಮಾರಿಗೆ ಆ ದ್ವೀಪದ ಶಾಲೆಯ ಉಪಾಧ್ಯಾಯರೊಬ್ಬರು ಅಪೂರ್ವ ಸಸ್ಯಗಳನ್ನು ಹುಡುಕಿರೆಂದು ಮಕ್ಕಳಿಗೆ ಚಿತ್ರ ತೋರಿಸಿ ಹೇಳಿದರು. ಹುಡುಗನೊಬ್ಬನು ಇಂಥ ಗಿಡ ನಮ್ಮಲ್ಲಿದೆಯೆಂದು ರೆಂಬೆಯೊಂದನ್ನು ತಂದನು. ಶಾಸ್ತ್ರಜ್ಞರು ನೋಡಿದರು, ಅದೇ ಗಿಡ. ಇಡೀ ಲೋಕದಲ್ಲಿ ಉಳಿದುದು ಅದೊಂದೇ. ನನ್ನ ವೃತ್ತಿಯವರಿಗೆ ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ಯಾವುದಿದ್ದೀತು, ತಿಳಿಯದು.

1986ರಲ್ಲಿ ಅದರ ತುಂಡುಗಳು ವಿಮಾನದಲ್ಲಿ ಕ್ಯೂ ತೋಟಕ್ಕೆ ಬಂದವು. ಒಂದು ಬೇರು ಬಿಟ್ಟಿತು, ಬೆಳೆಯಿತು, ಹೂ ಬಿಟ್ಟಿತು. ಆದರೆ ಕಾಯಿ ಕಟ್ಟಲಿಲ್ಲ. ವರ್ಷದ ಮೇಲೆ ವರ್ಷ ಹೂವೇ ಹೊರತು ಬೀಜವಿಲ್ಲ. ಕಾರ್ಲೋಸ್ ಮಗ್ದಲೇನ ಎಂಬ ತೋಟಗಾರರು ಪಟ್ಟುಹಿಡಿದು, ಹೂವುಗಳ ಮೇಲೆ ಬಗೆಬಗೆಯ ಪ್ರಯೋಗಗಳನ್ನು ನಡೆಸಿ, ಕೊನೆಗೆ 2003ರಲ್ಲಿ ಬೀಜವನ್ನು ಪಡೆದರು. ಆ ಬೀಜದ ಸಂತತಿಯು ಮುಂದೆ ರಾಡ್ರಿಗಸ್ಸಿಗೆ ಮರಳಿತು. ಒಯ್ದ ದಾರಿಯಲ್ಲಿಯೇ ಹಿಂದಿರುಗಿಸಿದ ಈ ಒಂದು ಕಾರ್ಯವನ್ನು ಕಂಡಾಗ, ವಿಕ್‌ಹ್ಯಾಮನ ಬೀಜಗಳನ್ನು ಮೊಳೆಯಿಸಿದ ಅದೇ ಸಂಸ್ಥೆಯ ಬಗೆಗೆ ನನ್ನ ಮನಸ್ಸು ಮೃದುವಾಗುತ್ತದೆ. ಆಸ್ಪತ್ರೆಗೆ ಬಾಗಿಲು ಎರಡು ಕಡೆಗೂ ತೆರೆಯಬೇಕು, ಇಲ್ಲಿ ತೆರೆಯಿತು.

ಆದರೂ ಕಥೆ ಇಷ್ಟಕ್ಕೆ ನೇರವಾಗುವುದಿಲ್ಲ. ಗಿಡವು ಸಿಕ್ಕಿತೆಂಬ ಸುದ್ದಿ ಹರಡಿದೊಡನೆ ದ್ವೀಪದ ಜನರಿಗೆ ಅದು ಹಿಂದೆ ಔಷಧಿಯಾಗಿದ್ದ ನೆನಪು ಮರುಕಳಿಸಿತು. ಒಬ್ಬೊಬ್ಬರಾಗಿ ಬಂದು ಎಲೆ ರೆಂಬೆಗಳನ್ನು ಮುರಿದುಕೊಂಡು ಹೋಗತೊಡಗಿದರು. ಅವರನ್ನು ದೂರುವುದು ಹೇಗೆ? ಆ ಗಿಡವನ್ನು ಹೆಸರಿಟ್ಟು ಕರೆದು, ರೋಗಕ್ಕೆ ಬಳಸಿ, ಅದರೊಡನೆ ಬಾಳಿದವರು ಅವರ ಹಿರಿಯರೇ. ಕೊನೆಗೆ ಅದು ಹುಟ್ಟಿದ ನೆಲದಲ್ಲಿಯೇ, ಅದರದೇ ಗಾಳಿ ಮಳೆಯ ನಡುವೆ, ಮರದ ಸುತ್ತ ಬೇಲಿ ಕಟ್ಟಿದರು. ಒಂದು ಬೇಲಿ ಸಾಲಲಿಲ್ಲ. ಅದರ ಹೊರಗೆ ಇನ್ನೊಂದು ಬೇಲಿಯನ್ನು ಹಾಕಿದರು.