ಆಯುಧಪೂಜೆಯೂ ಸಾಣೆಕಲ್ಲೂ

ಮಹಾನವಮಿಯ ದಿನ ಬಡಗಿಯು ತನ್ನ ಉಪಕರಣಗಳನ್ನು ಒರೆಸಿ, ಮಣೆಯ ಮೇಲೆ ಸಾಲಾಗಿ ಇರಿಸುತ್ತಾನೆ. ಉಳಿ, ಬಾಚಿ, ಗರಗಸ, ಉಜ್ಜುಗೊರಡು, ಬೈರಿಗೆ, ಕೊಡತಿ ಇವೆಲ್ಲಕ್ಕೂ ಅಂದು ಅರಿಸಿನ ಕುಂಕುಮ, ಹೂವು, ಮಂಗಳಾರತಿ. ವರ್ಷವಿಡೀ ದುಡಿದ ಕಬ್ಬಿಣಕ್ಕೆ ಅದೊಂದು ದಿನ ವಿಶ್ರಾಂತಿ. ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಈ ಆಚರಣೆ ಉಳಿದು ಬಂದಿದೆ. ಅಲ್ಲಿ ಉಳಿಯ ಸ್ಥಾನದಲ್ಲಿ ವಾಹನವಿರಬಹುದು, ಹೊಲಿಗೆಯ ಯಂತ್ರವಿರಬಹುದು, ಲೇಖನಿಯಿರಬಹುದು. ಆದರೆ ಎಲ್ಲ ಕಡೆಯೂ ಒಂದು ಪ್ರಶ್ನೆ ಉದ್ಭವಿಸುತ್ತದೆ. ಮೊಂಡಾದ ಉಳಿಗೆ ಕುಂಕುಮವಿಟ್ಟರೆ ಅದು ಪೂಜೆಯೆನಿಸೀತೆ?

ಕಸುಬನ್ನು ಬಲ್ಲ ಬಡಗಿಯ ಉತ್ತರ ಸ್ಪಷ್ಟವಾದುದು. ಹೂವು ಏರಿಸುವ ಮುನ್ನವೇ ಅವನು ಸಾಣೆಕಲ್ಲನ್ನು ಹೊರತೆಗೆದಿರುತ್ತಾನೆ. ಕಲ್ಲಿಗೆ ನೀರು ಸಿಂಪಡಿಸಿ, ಉಳಿಯ ಓರೆಮುಖವನ್ನು ಅದರ ಮೇಲೆ ಸಮನಾಗಿ ಕೂರಿಸಿ, ಕೋನ ಕೆಡದಂತೆ ಹಿಂದಕ್ಕೂ ಮುಂದಕ್ಕೂ ಮಸೆಯುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅಲಗಿನ ಬೆನ್ನಿನ ಕಡೆ ಕೂದಲಿಗಿಂತ ತೆಳುವಾದ ಲೋಹದ ಅಂಚೊಂದು ಮಗುಚಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಆಗ ಉಳಿಯ ಬೆನ್ನನ್ನು ಚಪ್ಪಟೆಯಾಗಿ ಕಲ್ಲಿಗೆ ತಾಗಿಸಿ ಆ ಅಂಚನ್ನು ತೆಗೆದು, ಕೊನೆಗೆ ತೊಗಲಿನ ಮೇಲೆ ಸವರುತ್ತಾನೆ. ಹರಿತವಾಯಿತೆಂಬುದನ್ನು ಉಳಿಯ ಹೊಳಪಿನಿಂದ ನಿರ್ಣಯಿಸಲಾಗದು. ಮೃದುವಾದ ಮರದ ಅಡ್ಡತುದಿಯನ್ನು ಕೆತ್ತಿದಾಗ ನಾರು ಹರಿಯದೆ, ನುಣುಪಾದ ಮೈ ಕಂಡರೆ ಮಾತ್ರ ಅದು ಹರಿತ. ಮರ ಸುಳ್ಳು ಹೇಳುವುದಿಲ್ಲ.

ಇಲ್ಲಿಯೇ ವಿಚಾರಾರ್ಹವಾದ ಸಂಗತಿಯೊಂದಿದೆ. ಪ್ರತಿಯೊಂದು ಸಲ ಮಸೆದಾಗಲೂ ಉಳಿಯಿಂದ ಒಂದಿಷ್ಟು ಉಕ್ಕು ಕಳೆದುಹೋಗುತ್ತದೆ. ತಂದೆಯ ಕೈಯಲ್ಲಿ ಗೇಣುದ್ದವಿದ್ದ ಉಳಿ ಮಗನ ಕೈಗೆ ಬರುವ ವೇಳೆಗೆ ಗಿಡ್ಡವಾಗಿರುತ್ತದೆ. ಹರಿತವೆಂಬುದು ಕೂಡಿಸಿಕೊಂಡು ಪಡೆಯುವ ಗುಣವಲ್ಲ, ಕಳೆದುಕೊಂಡು ಪಡೆಯುವ ಗುಣ. ಹಾಗಾದರೆ ಉಳಿಯನ್ನು ಮಸೆಯದೆ ಇಡುವುದೇ ಅದರ ರಕ್ಷಣೆಯಲ್ಲವೆ ಎಂದು ಲೋಭಿಯು ಕೇಳಬಹುದು. ಆದರೆ ಪೆಟ್ಟಿಗೆಯಲ್ಲಿಟ್ಟು ಮರೆತ ಉಳಿಯೂ ಸವೆಯುತ್ತದೆ. ಅದನ್ನು ತುಕ್ಕು ತಿನ್ನುತ್ತದೆ. ಸಾಣೆಗೆ ಸವೆದ ಉಳಿ ಬಾಗಿಲನ್ನೋ ತೊಟ್ಟಿಲನ್ನೋ ಜಗತ್ತಿಗೆ ಕೊಟ್ಟು ಸವೆಯುತ್ತದೆ. ತುಕ್ಕಿಗೆ ಸವೆದದ್ದು ಯಾರಿಗೂ ಏನನ್ನೂ ಕೊಡದೆ ಸವೆಯುತ್ತದೆ. ಸವೆತವನ್ನು ತಪ್ಪಿಸಿಕೊಳ್ಳುವ ಆಯ್ಕೆ ಉಳಿಗಿಲ್ಲ, ಮನುಷ್ಯನಿಗೂ ಇಲ್ಲ. ಯಾವುದಕ್ಕಾಗಿ ಸವೆಯಬೇಕೆಂಬ ಆಯ್ಕೆ ಮಾತ್ರ ಮನುಷ್ಯನದು.

ಹರಿತದ ಹಂಬಲಕ್ಕೂ ಮಿತಿಯುಂಟು. ಬಡಗಿಯ ಉಳಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯ ಕೋನ ಒಪ್ಪುತ್ತದೆ. ಅದಕ್ಕಿಂತ ಬಹಳ ತೆಳುವಾಗಿ ಮಸೆದರೆ ಗಟ್ಟಿಮರದ ಒಂದೇ ಪೆಟ್ಟಿಗೆ ಅಲಗು ಮುಕ್ಕಾಗುತ್ತದೆ. ಅವಸರದಿಂದ ನೀರಿಲ್ಲದೆ ಸಾಣೆಚಕ್ರಕ್ಕೆ ಒತ್ತಿದರೆ ಉಕ್ಕು ಕಾದು ನೀಲಿ ಬಣ್ಣಕ್ಕೆ ತಿರುಗಿ, ಕಮ್ಮಾರನು ಕೊಟ್ಟ ಹದವೇ ಇಳಿದುಹೋಗುತ್ತದೆ. ಸದಾ ಮಸೆಯುತ್ತಲೇ ಕುಳಿತು ಮರವನ್ನು ಮುಟ್ಟದವನೂ ಬಡಗಿಯೆನಿಸಲಾರನು. ವ್ರತನಿಯಮಗಳಿಂದ ತನ್ನನ್ನು ಹರಿತಗೊಳಿಸಿಕೊಂಡು ನೆರೆಯವನ ಕಷ್ಟಕ್ಕೆ ಒದಗದ ಭಕ್ತನ ಸ್ಥಿತಿಯೂ ಇದೇ.

ಸಾಣೆಕಲ್ಲಿನ ಪಾಠ ಇನ್ನೂ ಸೂಕ್ಷ್ಮವಾದುದು. ಅಲಗನ್ನು ತಿದ್ದುತ್ತ ತಿದ್ದುತ್ತ ಕಲ್ಲೇ ನಡುವೆ ಕುಳಿಬೀಳುತ್ತದೆ. ಕುಳಿಬಿದ್ದ ಕಲ್ಲಿನಲ್ಲಿ ಎಷ್ಟು ಶ್ರದ್ಧೆಯಿಂದ ಮಸೆದರೂ ಉಳಿಯ ಅಂಚು ನೇರವಾಗದು. ಆದ್ದರಿಂದ ಬಡಗಿಯು ಸಮತಟ್ಟಾದ ಹಾಸುಗಲ್ಲಿನ ಮೇಲೆ ಮರಳು ನೀರು ಹಾಕಿ, ಸಾಣೆಕಲ್ಲನ್ನೇ ಉಜ್ಜಿ ಸಮಮಾಡುತ್ತಾನೆ. ಮಕ್ಕಳನ್ನು ತಿದ್ದುವ ಹಿರಿಯರೂ ಸಮಾಜವನ್ನು ತಿದ್ದಹೊರಟ ಮುಖಂಡರೂ ಆಗಾಗ ಹಾಸುಗಲ್ಲಿನ ಮೇಲೆ ಮಲಗಬೇಕಾದವರೇ.

ಕನ್ನಡ ನಾಡು ಈ ತತ್ತ್ವವನ್ನು 12ನೆಯ ಶತಮಾನದಷ್ಟು ಹಿಂದೆಯೇ ಬಾಳಿ ತೋರಿಸಿತು. ಕಲ್ಯಾಣದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬವನಿದ್ದನು; ಅವನ ಪತ್ನಿ ಕಾಳವ್ವೆಯೂ ವಚನಗಳನ್ನು ರಚಿಸಿದವಳು. ಮರವನ್ನು ಕೆತ್ತುವ ಬಾಚಿ ಅವನ ಹೆಸರಿನೊಳಗೇ ಸೇರಿಹೋಯಿತು. ಆ ಬಾಚಿ ವರ್ಷಕ್ಕೊಮ್ಮೆ ಪೂಜೆಗೊಳ್ಳುವ ವಸ್ತುವಾಗಿರಲಿಲ್ಲ. ಅದರ ಪ್ರತಿಯೊಂದು ಪೆಟ್ಟೂ ಕಾಯಕವಾಗಿತ್ತು, ಕಾಯಕವೇ ಅರ್ಚನೆಯಾಗಿತ್ತು.

ಹಾಗಾದರೆ ನವಮಿಯಂದು ಆಯುಧವನ್ನು ದುಡಿಸದೆ ಇರಿಸುವುದೇಕೆ? ಮಹಾಭಾರತದ ಪಾಂಡವರ ಕಥೆಯಲ್ಲಿ ಇದಕ್ಕೆ ಸಮಾಧಾನವಿದೆ. ಅಜ್ಞಾತವಾಸಕ್ಕೆ ಮುನ್ನ ಅವರು ಆಯುಧಗಳನ್ನು ಶಮೀವೃಕ್ಷದಲ್ಲಿರಿಸಿದ್ದು ತೊರೆಯುವುದಕ್ಕಲ್ಲ, ಕಾಲ ಬಂದಾಗ ಮರಳಿ ಹಿಡಿಯುವುದಕ್ಕೆ. ಗೋಗ್ರಹಣದ ಹೊತ್ತಿಗೆ ಅರ್ಜುನನು ಗಾಂಡೀವವನ್ನು ಇಳಿಸಿಕೊಳ್ಳದಿದ್ದರೆ ಆ ಮರ ಆಯುಧಗಳ ಸಮಾಧಿಯಾಗುತ್ತಿತ್ತು. ನವಮಿಯ ವಿಶ್ರಾಂತಿಗೆ ಅರ್ಥ ಬರುವುದು ದಶಮಿಯಂದು ಕೈ ಮತ್ತೆ ಆಯುಧವನ್ನು ಹಿಡಿದಾಗ.

ಊರು ಬಿಟ್ಟು ದೂರದ ನಗರಕ್ಕೆ ಬಂದವರು ಪೆಟ್ಟಿಗೆಯಲ್ಲಿ ಹಿರಿಯರ ಉಳಿಯನ್ನು ತಾರದಿರಬಹುದು. ಹಿರಿಯರ ನುಡಿಯನ್ನಂತೂ ತಂದಿದ್ದಾರೆ. ಅದೂ ಒಂದು ಉಪಕರಣವೇ. ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಅದಕ್ಕೆ ಹಾರ ಹಾಕಿ, ಮನೆಯೊಳಗೆ ಮಕ್ಕಳೊಡನೆ ಅದನ್ನು ಬಳಸದಿದ್ದರೆ, ಅದು ಕುಂಕುಮದ ಕೆಳಗೆ ತುಕ್ಕು ಹಿಡಿಯುತ್ತಿರುವ ಉಳಿ. ಬೇರೆ ನುಡಿಗಳ ನಡುವೆ ಬಳಕೆಯಾಗುವಾಗ ಅದರ ಅಂಚು ಒಂದಿಷ್ಟು ಸವೆದೀತು, ರೂಪವೂ ಬದಲಾದೀತು. ಅದಕ್ಕೆ ಅಂಜಬೇಕಾಗಿಲ್ಲ. ಸವೆದು ಗಿಡ್ಡವಾದ ಉಳಿಯಿಂದಲೂ ತೊಟ್ಟಿಲನ್ನು ಕೆತ್ತಬಹುದು.

ದೇವಿಯ ಮುಂದೆ ಉಪಕರಣವನ್ನಿಟ್ಟು ಕೈಮುಗಿಯುವವನು ಬೇಡಬೇಕಾದ ವರ ಒಂದೇ: ಒಳ್ಳೆಯದಕ್ಕಾಗಿ ಸವೆಯುವ ಧೈರ್ಯ.