ಪರವೂರಿನ ಪಂಕ್ತಿ

ಮನೆಯಲ್ಲಿ ಉಣ್ಣುವಾಗ ಏಳದ ಪ್ರಶ್ನೆಗಳು ಪರವೂರಿನ ಹೋಟಲಿನಲ್ಲಿ ಏಳುವುವು. ಮನೆಯ ಅಡಿಗೆಯಾದರೋ ನಮ್ಮ ಪರವಾಗಿ ಎಲ್ಲವನ್ನೂ ಮೊದಲೇ ನಿಶ್ಚಯಿಸಿಟ್ಟಿರುತ್ತದೆ. ಬಡಿಸಿದ್ದನ್ನು ಉಂಡು ಏಳುವುದಷ್ಟೇ ನಮ್ಮ ಕೆಲಸ. ಹೋಟಲಿನಲ್ಲಿ ತಿನಿಸುಗಳ ಪಟ್ಟಿಯೊಂದನ್ನು ಮುಂದಿಟ್ಟು, ನಿಮಗೇನು ಬೇಕು ಎಂದು ಕೇಳುತ್ತಾರೆ. ಈ ಸಾಮಾನ್ಯವಾದ ಮಾತು ಹದಿನೈದು ವರ್ಷದ ಹುಡುಗನೊಬ್ಬನ ಕಿವಿಗೆ ಎಷ್ಟು ದೊಡ್ಡದಾಗಿ ಕೇಳಿಸಬಹುದೆಂಬುದನ್ನು ನಾನು ಅರಿತದ್ದು ಮಂಗಳೂರಿನಲ್ಲಿ.

ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗನಿಗೆ ಸಮುದ್ರವನ್ನು ತೋರಿಸಲೆಂದು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ನಮ್ಮದು ಹಾಸನದ ಕಡೆಯ ಮನೆತನ, ತಲೆಮಾರುಗಳಿಂದ ಶಾಕಾಹಾರಿಗಳು. ಶಿರಾಡಿ ಘಾಟಿಯನ್ನಿಳಿದು ಊರು ಸೇರಿದ ಮೊದಲ ಬೆಳಿಗ್ಗೆ ಅವನು ಬನ್ಸನ್ನೂ ಗೋಳಿಬಜೆಯನ್ನೂ ತಿಂದನು. ಬಾಳೆಹಣ್ಣನ್ನು ಕಲಸಿದ ಹಿಟ್ಟಿನಿಂದ ಪೂರಿಯನ್ನು ಮಾಡಬಹುದೆಂಬುದು ಅವನಿಗೆ ಸಮುದ್ರಕ್ಕಿಂತಲೂ ಹೆಚ್ಚಿನ ಆಶ್ಚರ್ಯವನ್ನುಂಟುಮಾಡಿತು! ಆಮೇಲೆ ಬಂದರಿನ ಕಡೆಗೆ ಹೋದೆವು. ದೋಣಿಗಳಿಂದ ಇಳಿಯುತ್ತಿದ್ದ ಬುಟ್ಟಿಗಳನ್ನೂ, ಬೆಲೆಗಾಗಿ ಗಟ್ಟಿಯಾಗಿ ಕೂಗಾಡುತ್ತಿದ್ದ ಹೆಂಗಸರನ್ನೂ ಅವನು ಬಹಳ ಹೊತ್ತು ನೋಡುತ್ತ ನಿಂತು, ಒಂದೊಂದು ಮೀನಿನ ಹೆಸರನ್ನೂ ಕೇಳಿ ತಿಳಿದುಕೊಂಡನು: ಬಂಗುಡೆ, ಭೂತಾಯಿ, ಅಂಜಲ್, ಕಾಣೆ. ನಾನು ಮೂಗಿಗೆ ವಸ್ತ್ರವನ್ನು ಹಿಡಿದು ದೂರದಲ್ಲಿ ನಿಂತಿದ್ದೆನು.

ರಾತ್ರಿ ನಾವು ಹೊಕ್ಕ ಹೋಟಲಿನಲ್ಲಿ ಎರಡು ಬಗೆಯ ಅಡಿಗೆಯೂ ಇದ್ದಿತು. ಹೊರಗಿನ ಹಲಗೆಯನ್ನು ಓದದೆ ಒಳಕ್ಕೆ ನುಗ್ಗಿದ್ದು ನನ್ನ ತಪ್ಪು. ಪಟ್ಟಿಯನ್ನು ಓದುತ್ತಿದ್ದ ಹುಡುಗನು ತಲೆಯೆತ್ತಿ, "ಮಾವ, ನಾನು ಬಂಗುಡೆಯನ್ನು ತಿಂದು ನೋಡಲೇ?" ಎಂದು ಕೇಳಿದನು.

ಬೇಡ ಎಂಬ ಮಾತು ನಾಲಗೆಯ ತುದಿಗೆ ಬಂದಿತು. ಏಕೆ ಎಂದು ಅವನು ಕೇಳಿಯೇ ಕೇಳುವನೆಂದು ತಿಳಿದು, ಕಾರಣವನ್ನು ಹುಡುಕತೊಡಗಿದೆನು. ಅಹಿಂಸೆಯೆನ್ನೋಣವೇ? ನನ್ನ ಕಾಲಿನಲ್ಲಿದ್ದುದು ಚರ್ಮದ ಪಾದರಕ್ಷೆ. ಹಿರಿಯರ ಆಚಾರವೆನ್ನೋಣವೇ? ಅದೇ ಊರಿನ ಸಾರಸ್ವತರಲ್ಲಿ ಅನೇಕರ ಹಿರಿಯರು ಮೀನನ್ನು ಉಂಡೇ ತಮ್ಮ ದೇವರನ್ನು ಪೂಜಿಸಿಕೊಂಡು ಬಂದಿದ್ದಾರೆ. ಸತ್ಯವನ್ನು ಹೇಳುವುದಾದರೆ, ನನ್ನನ್ನು ತಡೆಯುತ್ತಿದ್ದುದು ಜುಗುಪ್ಸೆ. ಐವತ್ತು ವರ್ಷ ಅದನ್ನೇ ದಯೆಯೆಂದು ಎಣಿಸಿಕೊಂಡಿದ್ದೆನು. ಮೀನುಗಾರರ ವ್ರತವೇ ನನ್ನದಕ್ಕಿಂತ ಮೇಲೆಂದು ಆಗ ತೋರಿತು: ಆ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ಸರಕಾರದ ಕಟ್ಟಳೆಯೇ ಸರಿ. ಆದರೆ ಅದು ಮೀನು ಮೊಟ್ಟೆಯಿಡುವ ಕಾಲವೆಂಬ ಕಾರಣವಾದರೂ ಅದನ್ನು ಪಾಲಿಸುವವರಿಗೆ ಗೊತ್ತಿದೆ.

ಇಂತಹ ಪ್ರಸಂಗದಲ್ಲಿ ಗಾಂಧೀಜಿಯವರ ಆತ್ಮಕಥೆಯು ನೆನಪಿಗೆ ಬಾರದಿರದು. ರಾಜಕೋಟೆಯಲ್ಲಿ ಓದುತ್ತಿದ್ದಾಗ ಅವರು ಸ್ನೇಹಿತನೊಬ್ಬನ ಪ್ರೇರಣೆಯಿಂದ ಗುಟ್ಟಾಗಿ ಮಾಂಸವನ್ನು ತಿಂದರು. ಅಂತಹ ದಿನ ಮನೆಯಲ್ಲಿ ತಾಯಿ ಊಟಕ್ಕೆ ಕರೆದರೆ ಹಸಿವಿಲ್ಲವೆಂದು ಸುಳ್ಳು ಹೇಳಬೇಕಾಗುತ್ತಿತ್ತು. ಕೊನೆಗೆ ಅವರು ಮಾಂಸವನ್ನು ಬಿಟ್ಟದ್ದು ಅದು ಪಾಪವೆಂದಲ್ಲ, ಆ ಸುಳ್ಳನ್ನು ತಾಳಲಾರದೆ. 1888ರಲ್ಲಿ ಇಂಗ್ಲೆಂಡಿಗೆ ಹೊರಟಾಗ ತಾಯಿಗೆ ಪ್ರತಿಜ್ಞೆಯನ್ನು ಮಾಡಿಕೊಟ್ಟರು. ಆದರೂ ಮುಂದೆ ಎಂದಾದರೂ ಬಹಿರಂಗವಾಗಿ ಮಾಂಸವನ್ನು ತಿನ್ನಬೇಕೆಂಬ ಅಭಿಪ್ರಾಯವು ಅವರಲ್ಲಿ ಉಳಿದೇ ಇದ್ದಿತು. ಲಂಡನ್ನಿನಲ್ಲಿ ಹೆನ್ರಿ ಸಾಲ್ಟನ ಪುಸ್ತಕವನ್ನು ಓದಿದ ಮೇಲಷ್ಟೇ ಅವರು ಸ್ವೇಚ್ಛೆಯಿಂದ ಶಾಕಾಹಾರಿಗಳಾದರು. ಹುಟ್ಟಿನಿಂದ ಬಂದುದನ್ನು ಇನ್ನೊಮ್ಮೆ ತಾವಾಗಿ ಸಂಪಾದಿಸಿಕೊಂಡರೆನ್ನಬೇಕು. ನಾನು ಸಂಪಾದಿಸಿದ್ದೇನು?

"ನಿನ್ನ ತಾಯಿಯನ್ನು ಕೇಳು" ಎಂದೆನು.

"ಅಮ್ಮ ಬೇಡವೆನ್ನುವಳು. ನೀವು ಹೇಳದಿದ್ದರೆ ಅವಳಿಗೆ ಹೇಗೆ ಗೊತ್ತಾಗುವುದು?"

"ಹಾಗಾದರೆ ನೀನು ನನ್ನನ್ನು ಕೇಳುತ್ತಿರುವುದು ಮೀನನ್ನಲ್ಲ, ನನ್ನ ಮೌನವನ್ನು. ಅದನ್ನು ಕೊಡಲಾರೆ."

ಹುಡುಗನು ಮುಖವನ್ನು ಸಣ್ಣದು ಮಾಡಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನು ತೆಗೆದನು. ಬಾಗಿಲ ಹೊರಗೆ ನಿಂತು ಮಾತನಾಡಿ, ಬಂದು ನನ್ನ ಕೈಗಿತ್ತನು. ಅಕ್ಕನು ನಿಟ್ಟುಸಿರಿಟ್ಟುದು ಕೇಳಿಸಿತು. "ನೀನಿದ್ದೀಯಲ್ಲ, ನೀನೇ ನೋಡು" ಎಂದಳು. ನಾನು ಅವಳ ಮೇಲೆ ಹೊರಿಸಿದ ಭಾರವು ಹಾಗೆ ನನಗೇ ಮರಳಿತು; ಅದು ನ್ಯಾಯವೂ ಆಗಿದ್ದಿತು. ಬೇಡವೆಂದರೆ ಅವನು ಬಿಡುತ್ತಿದ್ದನು. ಆದರೆ ಸುಳ್ಳನ್ನು ಬಿಟ್ಟು ನಿಜವನ್ನು ಕೇಳಿ ಬಂದವನಿಗೆ, ನನ್ನಲ್ಲಿಯೇ ಇಲ್ಲದ ಕಾರಣವೊಂದನ್ನು ಒಡ್ಡಿ ತಡೆಯುವುದು ನನ್ನಿಂದಾಗಲಿಲ್ಲ. "ತಿನ್ನು" ಎಂದೆನು. ಇದು ಸರಿಯೆಂದು ವಾಚಕರಲ್ಲಿ ಎಲ್ಲರೂ ಒಪ್ಪಲಾರರು. ನನ್ನ ಮನೆಯಲ್ಲಿಯೇ ಒಪ್ಪದವರಿದ್ದಾರೆ.

ಬೇರೆ ಮೇಜಿಗೆ ಹೋಗಿ ಕೂಡೋಣವೆಂಬ ಯೋಚನೆಯೂ ಬಂದಿತ್ತು. ಪಂಕ್ತಿಭೇದವನ್ನು ಸಭೆಗಳಲ್ಲಿ ಖಂಡಿಸಿ ಮಾತನಾಡಿರುವ ನಾನು ಅಳಿಯನಿಗೆ ಬೆನ್ನು ತಿರುಗಿಸಿ ಉಣ್ಣುವುದೆಂತು? ಕುಳಿತಲ್ಲಿಯೇ ಕುಳಿತು, ನೀರುದೋಸೆಯನ್ನೂ ಬೆಲ್ಲ ಕಲಸಿದ ಕಾಯಿತುರಿಯನ್ನೂ ತರಿಸಿಕೊಂಡೆನು. ಅವನಿಗೆ ಬಂಗುಡೆಯ ಪುಳಿಮುಂಚಿ ಬಂದಿತು. ಮುಳ್ಳನ್ನು ಬಿಡಿಸುವ ಬಗೆ ತಿಳಿಯದೆ ಅವನು ತಡಬಡಿಸುತ್ತಿರಲು, ಬಡಿಸುವ ಮುದುಕನು ನಕ್ಕು, ನಡುಮುಳ್ಳನ್ನು ಹೇಗೆ ಎತ್ತಬೇಕೆಂಬುದನ್ನು ತೋರಿಸಿಕೊಟ್ಟನು. ಖಾರಕ್ಕೆ ಹುಡುಗನ ಕಣ್ಣಿನಲ್ಲಿ ನೀರು ಬಂದಿತು. ಅರ್ಧ ತಿಂದನು, ಉಳಿದುದನ್ನು ಬಿಡುವುದು ತಪ್ಪೇ ಎಂದು ಮುದುಕನನ್ನೇ ಕೇಳಿದನು. ಬಂದರಿನಲ್ಲಿ ಕಂಡ ದುಡಿಮೆ ಅವನಿಗೆ ನೆನಪಾಗಿದ್ದಿರಬೇಕು.

ಛಾಂದೋಗ್ಯೋಪನಿಷತ್ತಿನಲ್ಲಿ ಆಹಾರಶುದ್ಧಿಯನ್ನು ಕುರಿತು ಬರುವ ಮಾತಿಗೆ ಶಂಕರಾಚಾರ್ಯರು ಅನ್ನಮಾತ್ರದ ಅರ್ಥವನ್ನು ಹೇಳುವುದಿಲ್ಲ. ಇಂದ್ರಿಯಗಳು ಒಳಕ್ಕೆ ತೆಗೆದುಕೊಳ್ಳುವ ವಿಷಯಗಳ ಅರಿವೆಲ್ಲವೂ ಅವರಿಗೆ ಆಹಾರವೇ. ಅದು ರಾಗದ್ವೇಷಗಳಿಂದ ಕಲುಷಿತವಾಗದಿರುವುದೇ ಶುದ್ಧಿ. ಆ ಮಾತನ್ನು ನಾನು ಬೇರೆಯವರಿಗೆ ಎಷ್ಟೋ ಸಲ ವಿವರಿಸಿದ್ದುಂಟು. ಆ ರಾತ್ರಿ ನನ್ನ ಆಹಾರವು ಯಾವುದಾಗಿದ್ದಿತು? ನೀರುದೋಸೆಯ ರುಚಿ ನನಗೆ ನೆನಪಿಲ್ಲ. ನಮ್ಮ ಕಡೆಯವರು ಯಾರಾದರೂ ಅಲ್ಲಿರುವರೋ ಎಂದು ಊಟ ಮುಗಿಯುವ ತನಕ ಬಾಗಿಲನ್ನೇ ನೋಡುತ್ತಿದ್ದೆನು.

ಹಾಸನಕ್ಕೆ ಮರಳಿದ ದಿನ ಅಕ್ಕನು ನಮ್ಮಿಬ್ಬರ ಮುಖವನ್ನೂ ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಮಗನಿಗೆ ಅನ್ನವನ್ನು ಬಡಿಸುತ್ತ, "ಬಹಳ ಖಾರವಾಗಿತ್ತೇನೋ?" ಎಂದಳು.